ಕೆಂಪು ಗುರುತು ಬಿದ್ದ ವಾಕ್ಯಗಳು

ಮೊದಲ ದಿನ ರೆಕಾರ್ಡಿಂಗ್ ಕೋಣೆಗೆ ಬಂದವರೇ ಮದಾಮ್ ಮೈಕನ್ನು ಎರಡು ಬೆರಳಿನಿಂದ ಸರಿಸಿ, ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ನಿಲ್ಲಿಸಿಕೊಂಡರು. ಹಾಗೆ ಇಡಬೇಕೆಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಇಟ್ಟು ಮುಗಿಸಿದ್ದರು. “ನೇರ ಎದುರಿಗಿದ್ದರೆ ಉಸಿರು ಹೊಡೆಯುತ್ತದೆ,” ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಷ್ಟು ಹೇಳುವುದಕ್ಕೆ ಅವರಿಗೆ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಯಿತು.

ನಾನು ಅಮೆರಿಕದ ರೆಡ್‌ವುಡ್ ಸಿಟಿಯ ಒಂದು ಆಸ್ಪತ್ರೆಯಲ್ಲಿ ವಾಕ್ ಚಿಕಿತ್ಸಕಿ. ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದವರ ದನಿಯನ್ನು ಆಪರೇಷನ್ನಿಗೆ ಮೊದಲು ಕೂಡಿಸಿಡುವ ಕೆಲಸ ನಮ್ಮ ವಿಭಾಗದಲ್ಲಿ ನನ್ನ ಪಾಲಿಗೆ ಬಂದಿತ್ತು. ರೋಗಿಯಿಂದ ಒಂದಷ್ಟು ವಾಕ್ಯ ಓದಿಸಿ ರೆಕಾರ್ಡ್ ಮಾಡುತ್ತೇವೆ. ಅದರಿಂದ ಕಂಪ್ಯೂಟರು ಒಂದು ಕೃತಕ ದನಿಯನ್ನು ಕಟ್ಟುತ್ತದೆ. ಆಮೇಲೆ ಅವರು ಟ್ಯಾಬ್ಲೆಟ್ಟಿನಲ್ಲಿ ಟೈಪ್ ಮಾಡಿದ್ದನ್ನು ಅದು ಅವರದೇ ದನಿಯಲ್ಲಿ ಹೇಳುತ್ತದೆ, ಅಥವಾ ಹೇಳಬೇಕು.

ಮದಾಮ್‌ಗೆ ಎಂಬತ್ತು ದಾಟಿತ್ತು. ಒಂದು ಕಾಲಕ್ಕೆ ಫ್ರಾನ್ಸಿನಲ್ಲಿ ಹೆಸರಿದ್ದ ಹಾಡುಗಾರ್ತಿ, ಸಿನಿಮಾ ನಟಿ. ಇದು ನನಗೆ ಗೊತ್ತಾದದ್ದು ಅವರ ಮಗಳಿಂದ. ಮಗಳು ಸ್ಯಾನ್ ಹೊಸೆಯಲ್ಲಿರುವ ಐವತ್ತರ ಹೆಂಗಸು, ತಾಯಿಯನ್ನು ತನ್ನ ಮನೆಯಲ್ಲೇ ಇರಿಸಿಕೊಂಡಿದ್ದಳು. ಮದಾಮ್ ಎಂದೇ ಕರೆಯಬೇಕೆಂದು ಹೇಳಿದವಳೂ ಅವಳೇ. ಹೆಸರು ಹಿಡಿದು ಕರೆದರೆ ಅಮ್ಮ ತಿರುಗಿ ನೋಡುವುದಿಲ್ಲ ಎಂದು ನಕ್ಕಿದ್ದಳು.

ನಾನು ಪ್ರತಿ ರೋಗಿಗೂ ಮೊದಲು ಕೇಳುವ ಪ್ರಶ್ನೆ ಒಂದೇ: ಈ ದನಿಯಲ್ಲಿ ನೀವು ಯಾರ ಹತ್ತಿರ ಮಾತಾಡಬೇಕು? ಕೆಲವರು ಮೊಮ್ಮಕ್ಕಳ ಹತ್ತಿರ ಅನ್ನುತ್ತಾರೆ, ಕೆಲವರು ಬ್ಯಾಂಕಿನವರ ಹತ್ತಿರ ಅನ್ನುತ್ತಾರೆ. ಮದಾಮ್ ಯೋಚಿಸಲೇ ಇಲ್ಲ.

“ಅಕ್ಕನ ಹತ್ತಿರ,” ಎಂದರು.

ಅಕ್ಕ ಫ್ರಾನ್ಸಿನ ದಕ್ಷಿಣದ ಒಂದು ಬಂದರು ಊರಿನಲ್ಲಿ, ವೃದ್ಧಾಶ್ರಮದಲ್ಲಿದ್ದರು. ಕಣ್ಣು ಪೂರ್ತಿ ಹೋಗಿತ್ತು, ಇತ್ತೀಚಿನ ನೆನಪು ನಿಲ್ಲುತ್ತಿರಲಿಲ್ಲ. ಪ್ರತಿ ಭಾನುವಾರ ಇಲ್ಲಿಯ ಬೆಳಗಿನ ಹೊತ್ತಿಗೆ, ಅಲ್ಲಿಯ ಸಂಜೆಗೆ, ಮದಾಮ್ ಫೋನ್ ಮಾಡುತ್ತಿದ್ದರು. ಅಲ್ಲಿಯ ನರ್ಸ್ ಫೋನನ್ನು ಅಕ್ಕನ ಕಿವಿಗೆ ಹಿಡಿಯುತ್ತಿದ್ದಳು. ಫೋಟೋ ತೋರಿಸುವಂತಿಲ್ಲ, ಕಾಗದ ಬರೆಯುವಂತಿಲ್ಲ. ತಂಗಿ ಎಂದರೆ ಅಕ್ಕನ ಪಾಲಿಗೆ ಒಂದು ದನಿ ಅಷ್ಟೇ.

“ಆಪರೇಷನ್ ವಿಷಯ ಹೇಳಿದೆ. ಮರೆತಳು. ಇನ್ನೊಮ್ಮೆ ಹೇಳಿದೆ. ಮತ್ತೆ ಮರೆತಳು,” ಎಂದರು ಮದಾಮ್. “ಅವಳಿಗೆ ಇದು ನಾನೇ ಅಂತ ಗೊತ್ತಾದರೆ ಸಾಕು. ಉಳಿದವರಿಗೆ ಯಾವ ದನಿಯಾದರೂ ಆದೀತು.”

ಆ ಮಾತನ್ನು ನಾನು ಫೈಲಿನಲ್ಲಿ ಬರೆದುಕೊಂಡೆ. ಬರೆದುಕೊಳ್ಳುವುದೇ ಬೇರೆ, ಕಿವಿಗೆ ಹಾಕಿಕೊಳ್ಳುವುದೇ ಬೇರೆ.

ಆಪರೇಷನ್ನಿಗೆ ಮೂರು ವಾರವಿತ್ತು. ಪಟ್ಟಿಯಲ್ಲಿ ಮುನ್ನೂರೈವತ್ತು ಫ್ರೆಂಚ್ ವಾಕ್ಯಗಳು. ಒಂದೊಂದಾಗಿ, ಕೆಳಗೆ ಇಂಗ್ಲಿಷ್ ಅರ್ಥದ ಜೊತೆ, ಪರದೆ ಮೇಲೆ ಬರುತ್ತವೆ. ಓದಿದ್ದು ಸರಿಯಿದ್ದರೆ ಪಕ್ಕದಲ್ಲಿ ಹಸಿರು ಗುರುತು, ತಪ್ಪಿದರೆ ಕೆಂಪು. ಕೆಂಪು ಬಂದರೆ ಮತ್ತೆ ಓದಬೇಕು. ನನಗೆ ಫ್ರೆಂಚ್ ಬಾರದು, ಹಾಗಾಗಿ ಹಸಿರು ಕೆಂಪುಗಳನ್ನೇ ನಂಬಿದ್ದೆ. ದನಿ ಒಂದೇ ಮಟ್ಟದಲ್ಲಿರಬೇಕು, ಭಾವ ಬರಬಾರದು, ಹವಾಮಾನದ ವರದಿ ಓದಿದ ಹಾಗೆ ಓದಬೇಕು ಎಂದು ಎಲ್ಲರಿಗೂ ಹೇಳುವ ಪಾಠವನ್ನು ಅವರಿಗೂ ಹೇಳಿದೆ.

ಹೇಳಿದ್ದು ಯಾರಿಗೆ! “ಅಂಗಡಿ ಆರು ಗಂಟೆಗೆ ಮುಚ್ಚುತ್ತದೆ” ಎಂಬ ವಾಕ್ಯವನ್ನು ಅವರು ಗಂಡನ ಸಾವಿನ ಸುದ್ದಿಯಂತೆ ಓದಿದರು. “ನನ್ನ ಛತ್ರಿ ಎಲ್ಲಿದೆ” ಎನ್ನುವಾಗ ಹುಬ್ಬು ಮೇಲೆ ಹೋಯಿತು, ಯಾರೋ ಕದ್ದಿದ್ದಾರೆ ಎಂದು ನನಗೇ ಅನುಮಾನ ಬಂತು. ಕೆಂಪು, ಕೆಂಪು, ಕೆಂಪು. ನಾನು ನಕ್ಕೆ, ಅವರೂ ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ಐದು ನಿಮಿಷ ನಿಲ್ಲಲಿಲ್ಲ. ಆ ದಿನಕ್ಕೆ ಹನ್ನೊಂದು ವಾಕ್ಯ ಹಸಿರಾದವು.

ಎರಡನೆಯ ವಾರದ ಹೊತ್ತಿಗೆ ನಟನೆ ಕಡಿಮೆಯಾಯಿತು, ಆದರೆ ಕೆಂಪು ಕಡಿಮೆಯಾಗಲಿಲ್ಲ. ಗಮನಿಸಿ ನೋಡಿದೆ. ಸುಸ್ತಾದಾಗ ಅವರ ಉಚ್ಚಾರ ಬದಲಾಗುತ್ತಿತ್ತು. ಪದದ ಕೊನೆಯ ಸ್ವರ, ಪಟ್ಟಿಯ ಜೊತೆಗಿದ್ದ ಮಾದರಿ ಓದಿನಲ್ಲಿ ನುಂಗಿಹೋಗುವಂಥದ್ದು, ಇವರ ಬಾಯಲ್ಲಿ ಬಿಡಿಸಿಕೊಂಡು ಬರುತ್ತಿತ್ತು. ಸ್ವರ ಮೂಗಿನಿಂದ ಬರಬೇಕಾದ ಕಡೆ ಕೊನೆಗೆ ಒಂದು ಸಣ್ಣ ಗಂಟೆಯಂಥ ಸದ್ದು ಸೇರುತ್ತಿತ್ತು. ಪಟ್ಟಿಯ ಫ್ರೆಂಚಿಗೆ ಇದು ಹೊಂದುತ್ತಿರಲಿಲ್ಲ.

“ಮದಾಮ್, ಇನ್ನೊಮ್ಮೆ. ಸ್ವಲ್ಪ ಶುದ್ಧವಾಗಿ,” ಎಂದೆ.

ಅವರು ನನ್ನನ್ನೇ ನೋಡಿದರು. “ನಿಮಗೂ ಪ್ಯಾರಿಸ್ಸಿನವಳೇ ಬೇಕಾ?” ಎಂದು ಕೇಳಿದರು.

ತಮಾಷೆ ಅಂದುಕೊಂಡೆ. ಅವರು ನೀರು ಗುಟುಕರಿಸಿ ಶುದ್ಧವಾಗಿ ಓದಿದರು. ಹಸಿರು ಬಂತು.

ಬಿಡುವಿನಲ್ಲಿ ಅವರು ಹೇಳಿದ ಚೂರುಪಾರು ಕತೆಗಳಿಂದ ಅವರ ಬದುಕನ್ನು ನಾನು ಒಂದಷ್ಟು ಜೋಡಿಸಿಕೊಂಡೆ. ಅಪ್ಪ ಬಂದರಿನಲ್ಲಿ ಮೂಟೆ ಇಳಿಸುವವನು. ಅಮ್ಮ ಮೀನು ಮಾರುತ್ತಿದ್ದಳು, ಅಕ್ಕ ತಂಗಿ ಇಬ್ಬರೂ ಅವಳ ಜೊತೆ ಕೂಗಿ ಕೂಗಿ ಮಾರಿದವರು. ಹದಿನಾರಕ್ಕೆ ಒಂದು ಕಾಫಿ ಅಂಗಡಿಯಲ್ಲಿ ಹಾಡತೊಡಗಿದರು. ಹದಿನೆಂಟಕ್ಕೆ ಒಂದು ರೆಕಾರ್ಡ್ ಬಂತು, ರೇಡಿಯೋ ಹಾಕಿದಲ್ಲೆಲ್ಲ ಅದೇ. ಪ್ಯಾರಿಸ್ಸಿನಿಂದ ಕರೆ ಬಂತು. ಎಂಟೊಂಬತ್ತು ಸಿನಿಮಾ ಮಾಡಿದರು. ಮೂವತ್ತು ದಾಟಿದ ಮೇಲೆ ಕಾರ್ಯಕ್ರಮ ಕೊಡಲೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದವರು, ಪಿಯಾನೋ ರಿಪೇರಿ ಮಾಡುವ ಒಬ್ಬ ಅಮೆರಿಕನ್ನನನ್ನು ಮದುವೆಯಾಗಿ ಇಲ್ಲೇ ಉಳಿದುಬಿಟ್ಟರು. ಆಮೇಲೆ ವೇದಿಕೆ ಹತ್ತಲಿಲ್ಲ. ಶಾಲೆಯ ಮಕ್ಕಳಿಗೆ ಫ್ರೆಂಚ್ ಕಲಿಸಿದರು, ಚರ್ಚಿನ ಗುಂಪಿಗೆ ಹಾಡು ಹೇಳಿಕೊಟ್ಟರು.

“ಸಿನಿಮಾದ ಬಗ್ಗೆ ಹೇಳಿ,” ಎಂದು ಒಮ್ಮೆ ಕೇಳಿದೆ.

“ಹಾಡಿನ ಬಗ್ಗೆ ಕೇಳಿ, ಹೇಳುತ್ತೇನೆ. ಸಿನಿಮಾ ಬೇಡ,” ಎಂದರು. ವಯಸ್ಸಾದ ಚೆಲುವೆಯರಿಗೆ ಹಳೆಯ ಮುಖದ ಮಾತು ಬೇಸರವಿರಬಹುದು ಎಂದು ಸುಮ್ಮನಾದೆ. ನಾನು ಹೀಗೆ ನನ್ನಷ್ಟಕ್ಕೇ ಅರ್ಥ ಹಚ್ಚಿಕೊಂಡು ಸುಮ್ಮನಾಗುವವಳು. ಬಾಯಿ ಬಿಟ್ಟು ಕೇಳಿದ್ದರೆ ಮುಂದಿನ ಕತೆಯೇ ಇರುತ್ತಿರಲಿಲ್ಲ.

ತೊಂಬತ್ನಾಲ್ಕು ವಾಕ್ಯ ಹಸಿರಾಗಿದ್ದಾಗ ಅವರಿಗೆ ಉಸಿರಾಟ ಕಟ್ಟತೊಡಗಿತು. ಮರುದಿನವೇ ಆಪರೇಷನ್ ಎಂದು ಸರ್ಜನ್ ಹೇಳಿದರು. ಆ ಮಧ್ಯಾಹ್ನ ಅವರನ್ನು ಗಾಲಿ ಕುರ್ಚಿಯಲ್ಲಿ ಒಯ್ಯುವಾಗ ನನ್ನ ಕೈ ಹಿಡಿದು ಏನೋ ಹೇಳಿದರು. ಬರೀ ಗಾಳಿ ಬಂತು. ಅವರ ಬಾಯಿಂದ ಬಂದ ಕೊನೆಯ ಮಾತು ಅದೇ ಇರಬೇಕು, ನನಗೆ ಅದು ಕೇಳಿಸಲೇ ಇಲ್ಲ.

ತೊಂಬತ್ನಾಲ್ಕು ವಾಕ್ಯದಿಂದ ದನಿ ಕಟ್ಟಬಹುದೇ ಎಂದು ಇಂಜಿನಿಯರನ್ನು ಕೇಳಿದೆ. ನಮಗೆ ಈ ಸಾಫ್ಟ್‌ವೇರ್ ಒದಗಿಸುವ ಕಂಪನಿಯವರು ಅವರು, ಮೌಂಟನ್ ವ್ಯೂನಲ್ಲಿ ಆಫೀಸು, ಬೆಂಗಳೂರಿನವರು. ನನ್ನ ಕನ್ನಡ ಕೇಳಿದ ದಿನದಿಂದ ಇಂಗ್ಲಿಷ್ ಬಿಟ್ಟಿದ್ದರು.

“ಮೇಡಂ, ಆಗತ್ತೆ, ಆದ್ರೆ ಚೆನ್ನಾಗ್ ಬರಲ್ಲ,” ಎಂದರು. “ವಾಯ್ಸು ತುಂಬಾ ರಫ್ ಇದೆ. ಮಧ್ಯೆ ಮಧ್ಯೆ ಕಟ್ ಆಗತ್ತೆ. ಹಳೇ ರೆಕಾರ್ಡಿಂಗ್ ಏನಾದ್ರೂ ಇದ್ಯಾ ನೋಡಿ. ಕ್ಲೀನ್ ಸ್ಪೀಚು ಅರ್ಧ ಗಂಟೆ ಸಿಕ್ಕಿದ್ರೂ ಸಾಕು, ಸಖತ್ತಾಗಿ ಮಾಡ್ಕೊಡ್ತೀನಿ.”

ಮಗಳ ಹತ್ತಿರ ತಾಯಿಯ ಮೂರು ಸಿನಿಮಾಗಳ ಡಿವಿಡಿ ಇದ್ದವು. ತಾಯಿ ಐಸಿಯುನಲ್ಲಿದ್ದರು. “ಅಮ್ಮನಿಗೆ ಈಗಲೇ ಹೇಳುವುದು ಬೇಡ, ಸರ್‌ಪ್ರೈಸ್ ಕೊಡೋಣ,” ಎಂದಳು ಮಗಳು. ನಿಯಮದ ಪ್ರಕಾರ ರೋಗಿಯ ಒಪ್ಪಿಗೆ ಬೇಕು. ರೆಕಾರ್ಡಿಂಗಿಗೆ ಒಪ್ಪಿ ಅವರು ಸಹಿ ಮಾಡಿದ್ದ ಫಾರ್ಮು ಇದೆಯಲ್ಲ, ಸಾಕು ಎಂದುಕೊಂಡೆ. ಒಳ್ಳೆಯವಳಾಗುವ ಚಪಲ ನನಗೂ ಇತ್ತು.

ಡಿವಿಡಿಗಳನ್ನು ಮನೆಗೆ ತಂದು, ಹಿನ್ನೆಲೆ ಸಂಗೀತವಿಲ್ಲದ ಮಾತಿನ ತುಣುಕುಗಳನ್ನು ಗುರುತು ಹಾಕಿಕೊಳ್ಳುತ್ತ ಕೂತೆ. ಶನಿವಾರ ಮಧ್ಯಾಹ್ನ. ಧಾರವಾಡದಿಂದ ಬಂದಿದ್ದ ನನ್ನ ಅವ್ವ ಸೋಫಾದ ಮೇಲೆ ಕೂತು ಕೊತ್ತಂಬರಿ ಬಿಡಿಸುತ್ತಿದ್ದಳು. ಟಿವಿಯಲ್ಲಿ ಇಪ್ಪತ್ತು ವರ್ಷದ ಮದಾಮ್ ಬಿಳಿ ಫ್ರಾಕಿನಲ್ಲಿ ಯಾರನ್ನೋ ಬೈದು, ಬಾಗಿಲು ಹಾಕಿಕೊಂಡು, ಕಿಟಕಿಯಲ್ಲಿ ನಿಂತು ಹಾಡಿದರು. ಅವ್ವ ತಲೆ ಎತ್ತಿದಳು.

“ಹಾಡಾಕಿ ಒಬ್ಬಾಕಿ, ಮಾತಾಡಾಕಿ ಒಬ್ಬಾಕಿ ಅದಾರ ನೋಡು.”

“ಹೌದವಾ, ಹಾಡು ಬ್ಯಾರೆಯವರು ಹಾಡಿರ್ತಾರ. ನಮ್ಮ ಸಿನಿಮಾದಾಗೂ ಹಂಗ ಅಲ್ಲೇನು?”

“ಹಂಗಂತೀ?” ಎಂದು ಅವ್ವ ಕೊತ್ತಂಬರಿಗೆ ಮರಳಿದಳು.

ಫ್ರೆಂಚಿನ ಒಂದಕ್ಷರ ಗೊತ್ತಿಲ್ಲದ ಅವ್ವನ ಕಿವಿ ಸರಿಯಾಗಿ ಕೇಳಿತ್ತು. ಕೆಡಿಸಿದ್ದು ನನ್ನ ಬುದ್ಧಿ. ಹಿನ್ನೆಲೆ ಗಾಯನ ಕೇಳಿಕೊಂಡೇ ಬೆಳೆದ ನನಗೆ ನಾಯಕಿಯ ಹಾಡು ಎಂದರೆ ತೆರೆಯ ಹಿಂದಿನ ಯಾರದೋ ಕಂಠ. ನಮ್ಮಲ್ಲಿ ಹೊರಗಿನಿಂದ ಬಂದ ನಾಯಕಿಯರಿಗೆ ಮಾತನ್ನೂ ಬೇರೆಯವರು ಕೊಡುತ್ತಾರೆ, ಅದು ಗೊತ್ತಿತ್ತು. ಆದರೆ ಫ್ರೆಂಚ್ ಸಿನಿಮಾದಲ್ಲಿ ಫ್ರೆಂಚ್ ಹುಡುಗಿಯ ಮಾತನ್ನು ಬೇರೆಯವರು ಏಕೆ ಆಡುತ್ತಾರೆ? ಮದಾಮ್ ಹಾಡುಗಾರ್ತಿ ಎಂಬುದು ಫೈಲಿನ ಮೊದಲ ಸಾಲಿನಲ್ಲೇ ಇತ್ತು. ರೆಕಾರ್ಡಿಗೆ ಹಾಡಿದವರು ಇವರೇ ಇರಬಹುದು, ಸಿನಿಮಾದ ಪದ್ಧತಿ ಬೇರೆ ಎಂದು ಸಮಾಧಾನ ಹೇಳಿಕೊಂಡೆ. ಹಾಡುಗಳನ್ನೆಲ್ಲ ಕತ್ತರಿಸಿ ತೆಗೆದು, ಮಾತು ಮಾತ್ರ ಉಳಿಸಿ, ನಲವತ್ತು ನಿಮಿಷದ ತುಣುಕುಗಳನ್ನು ಕಳಿಸಿದೆ.

ಎರಡು ದಿನಕ್ಕೆ ಇಂಜಿನಿಯರರ ಫೋನು ಬಂತು. “ಮೇಡಂ, ಒಂದ್ ಡೌಟು. ಹಳೇ ಫಿಲ್ಮ್ ವಾಯ್ಸೂ, ನೀವ್ ರೆಕಾರ್ಡ್ ಮಾಡಿದ್ದೂ ಮ್ಯಾಚೇ ಆಗ್ತಿಲ್ಲ. ಸ್ಕೋರು ತೀರಾ ಕಮ್ಮಿ.”

“ಅರವತ್ತು ವರ್ಷದ ವ್ಯತ್ಯಾಸ ಇದೆ, ಸಿಗರೇಟಿದೆ, ಮೇಲೆ ಕ್ಯಾನ್ಸರು. ಹೇಗೆ ಮ್ಯಾಚ್ ಆಗುತ್ತೆ?”

“ಅದೂ ನಿಜಾನೇ ಬಿಡಿ. ಹಂಗಾದ್ರೆ ಹೊಸ ರೆಕಾರ್ಡಿಂಗು ಮಿಕ್ಸ್ ಮಾಡೋದ್ ಬೇಡ, ಕೆಡ್ಸತ್ತೆ. ಫಿಲ್ಮಿಂದನೇ ಮಾಡ್ಬಿಡ್ತೀನಿ.”

ಎಚ್ಚರಿಕೆ ಎರಡು ಸಲ ಬಂದು ಬಾಗಿಲು ತಟ್ಟಿತ್ತು. ಎರಡು ಸಲವೂ ನನ್ನ ಹತ್ತಿರ ಉತ್ತರ ಸಿದ್ಧವಿತ್ತು.

ಆಪರೇಷನ್ ಆಗಿ ಹತ್ತು ದಿನಕ್ಕೆ ಮದಾಮ್ ನನ್ನ ಕೋಣೆಗೆ ಬಂದರು. ಕುತ್ತಿಗೆಯ ಬುಡದಲ್ಲಿ ಉಸಿರಾಡಲು ಮಾಡಿದ ರಂಧ್ರ, ಅದರ ಮೇಲೊಂದು ತೆಳು ಬಟ್ಟೆ. ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಯಂತ್ರವನ್ನು ವಾರ್ಡಿನಲ್ಲೇ ಒಮ್ಮೆ ಪ್ರಯತ್ನಿಸಿ, ಅದರ ಗುಂಯ್‌ಗುಡುವ ಸದ್ದಿಗೆ ಅಸಹ್ಯಪಟ್ಟು ಪಕ್ಕಕ್ಕಿಟ್ಟಿದ್ದರು. ಬಿಳಿ ಹಲಗೆಯ ಮೇಲೆ ಬರೆದು ಮಾತಾಡುತ್ತಿದ್ದರು.

ಟ್ಯಾಬ್ಲೆಟ್ಟನ್ನು ಅವರ ಮುಂದಿಟ್ಟು ಗುಂಡಿ ಒತ್ತಿದೆ. ಸ್ವಚ್ಛವಾದ, ತುಂಬಿದ, ಇಪ್ಪತ್ತರ ಹರೆಯದ ದನಿಯೊಂದು ಫ್ರೆಂಚಿನಲ್ಲಿ ನಮಸ್ಕಾರ ಹೇಳಿ, ಚೆನ್ನಾಗಿದ್ದೀರಾ ಎಂದು ಕೇಳಿತು.

ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. “ಅಯ್ಯೋ ಅಮ್ಮಾ, ನೀನೇ! ಎಷ್ಟು ಚೆನ್ನಾಗಿದೆ!” ಎಂದು ಇಂಗ್ಲಿಷಿನಲ್ಲಿ ಅನ್ನುತ್ತ ಅತ್ತಳು. ನನಗೂ ಕಣ್ಣು ತುಂಬಿತು. ಮದಾಮ್ ಟ್ಯಾಬ್ಲೆಟ್ಟನ್ನು ನೋಡಲಿಲ್ಲ. ಮಗಳ ಮುಖವನ್ನೇ ಬಹಳ ಹೊತ್ತು ನೋಡಿದರು, ಏನನ್ನೋ ಕಾಯುತ್ತಿರುವವರ ಹಾಗೆ. ಕೊನೆಗೆ ಹಲಗೆ ಎತ್ತಿಕೊಂಡು, “ಚೆನ್ನಾಗಿದೆ. ಥ್ಯಾಂಕ್ಸ್,” ಎಂದು ಬರೆದರು.

ಮೂರು ವಾರ ನನಗೆ ಸುದ್ದಿಯಿಲ್ಲ. ಸುದ್ದಿಯಿಲ್ಲವೆಂದರೆ ಎಲ್ಲ ಸರಿಯಿದೆ ಎಂದು ಮುಂದಿನ ರೋಗಿಯ ಪಟ್ಟಿ ತೆರೆದಿದ್ದೆ. ಒಂದು ಸೋಮವಾರ ಮಗಳು ಫೋನ್ ಮಾಡಿದಳು.

“ದೊಡ್ಡಮ್ಮ ಅಮ್ಮನ ಹತ್ತಿರ ಮಾತಾಡುತ್ತಿಲ್ಲ. ಮೊದಲ ಭಾನುವಾರ, ಯಾರು ನೀನು ಅಂತ ಕೇಳಿದರು. ಅಮ್ಮ ತನ್ನ ಹೆಸರು ಟೈಪ್ ಮಾಡಿದಳು. ‘ನೀನು ಸಿನಿಮಾದವಳು, ನನ್ನ ತಂಗಿಗೆ ಫೋನು ಕೊಡು’ ಅಂತ ಹೇಳಿ ಇಟ್ಟುಬಿಟ್ಟರು. ಮರೆವಿನಿಂದ ಇರಬೇಕು ಅಂದುಕೊಂಡೆ. ಆದರೆ ಮೂರು ಭಾನುವಾರವೂ ಅದೇ ಮಾತು. ಅಮ್ಮ ಊಟ ಬಿಟ್ಟಿದ್ದಾಳೆ.”

ಆ ಮಧ್ಯಾಹ್ನವೇ ಬರಲು ಹೇಳಿದೆ. ಮದಾಮ್ ಸೊರಗಿ ಹೋಗಿದ್ದರು. ಸಿನಿಮಾದವಳು ಎಂದರೆ ಏನು ಎಂದು ನಾನು ಕೇಳಿದೆ. ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ. ಅವರು ಹಲಗೆಯ ಮೇಲೆ ಬರೆದರು, ಒರೆಸಿದರು, ಬರೆದರು. ಅರ್ಧ ಗಂಟೆ ಹಿಡಿಯಿತು.

ಮೊದಲ ಸಿನಿಮಾದ ಚಿತ್ರೀಕರಣವೆಲ್ಲ ಮುಗಿದ ಮೇಲೆ ನಿರ್ಮಾಪಕ ಕರೆಸಿ ಹೇಳಿದನಂತೆ: ಮುಖ ನಿನ್ನದಿರಲಿ, ಹಾಡು ನಿನ್ನದಿರಲಿ, ಮಾತು ಬೇಡ. ನೀನು ಬಾಯಿ ತೆರೆದರೆ ಮೀನಿನ ಬುಟ್ಟಿ ನೆನಪಾಗುತ್ತದೆ. ಹಾಡುವಾಗ ಆ ಊರಿನ ಉಚ್ಚಾರ ಅಷ್ಟು ತಿಳಿಯುತ್ತಿರಲಿಲ್ಲ, ಮೇಲಾಗಿ ಜನ ರೆಕಾರ್ಡು ಕೊಳ್ಳುತ್ತಿದ್ದುದೇ ಆ ಕಂಠಕ್ಕೆ. ಮಾತಿಗೆ ಮಾತ್ರ ಪ್ಯಾರಿಸ್ಸಿನ ಒಬ್ಬ ನಾಟಕದ ನಟಿಯನ್ನು ತಂದರು. ಎಲ್ಲ ಸಿನಿಮಾಗಳಲ್ಲೂ ಅವಳೇ. ಜನ ಬೀದಿಯಲ್ಲಿ ನಿಲ್ಲಿಸಿ ಮಾತಾಡಿಸಿದರೆ ಮದಾಮ್ ನಕ್ಕು ಮುಂದೆ ಹೋಗುತ್ತಿದ್ದರಂತೆ, ಬಾಯಿ ತೆರೆದರೆ ಗುಟ್ಟು ರಟ್ಟಾಗುತ್ತದೆ ಎಂದು. ಅಕ್ಕ ಊರಿನ ಥಿಯೇಟರಿಗೆ ಮೊದಲ ಸಿನಿಮಾ ನೋಡಲು ಹೋದವಳು ಅರ್ಧಕ್ಕೇ ಎದ್ದು ಬಂದಳು. ನನ್ನ ತಂಗಿಯ ಬಾಯಲ್ಲಿ ಬೇರೆ ಯಾರೋ ಕೂತಿದ್ದಾಳೆ ಎಂದು ಬೀದಿಯಲ್ಲೇ ನಿಂತು ಕೂಗಾಡಿದ್ದಳಂತೆ. ನೆನ್ನೆಯ ಊಟ ಮರೆಯುವ ಅಕ್ಕನಿಗೆ ಆ ದನಿ ಮಾತ್ರ ಮರೆತಿರಲಿಲ್ಲ.

“ಹಾಗಾದರೆ ಚೆನ್ನಾಗಿದೆ ಅಂತ ಯಾಕೆ ಬರೆದಿರಿ?” ಎಂದೆ.

ಅವರು ಮಗಳ ಕಡೆ ನೋಡಲಿಲ್ಲ. ನಿಧಾನವಾಗಿ ಬರೆದರು: “ನನ್ನ ಮಗಳು ನೀನೇ ಅಂದಳು. ಅವಳಿಗೇ ಗೊತ್ತಾಗಲಿಲ್ಲ. ಇನ್ನು ಯಾರಿಗೆ ಹೇಳಲಿ?”

ಮಗಳು ಕುರ್ಚಿಯಿಂದ ಕೆಳಗಿಳಿದು ತಾಯಿಯ ಮಂಡಿಗೆ ತಲೆ ಇಟ್ಟಳು. ಮದಾಮ್ ಅವಳ ಕೂದಲಲ್ಲಿ ಬೆರಳಾಡಿಸಿದರು. ಕೋಪವಿರಲಿಲ್ಲ ಅವರಲ್ಲಿ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಹದಿನೇಳಕ್ಕೆ ಧಾರವಾಡದಿಂದ ಬೆಂಗಳೂರಿನ ಹಾಸ್ಟೆಲಿಗೆ ಬಂದಾಗ, ನಾನು “ಹೌದ್ರಿ” ಅಂದರೆ ಸಾಕು, ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. ಒಂದೇ ವರ್ಷದಲ್ಲಿ ನನ್ನ ಮಾತು ಮಡಚಿ ಪೆಟ್ಟಿಗೆಯಲ್ಲಿಟ್ಟು ಅವರ ಮಾತು ಕಲಿತೆ. ಈಗ ಅವ್ವನ ಎದುರು ಬಿಟ್ಟರೆ ಅದು ಹೊರಬರುವುದಿಲ್ಲ. ಅಂಥ ನಾನು, ಸಾಯುತ್ತಿದ್ದ ಕಂಠದಿಂದ ತಾಯ ಮಾತು ತಾನಾಗಿ ಉಕ್ಕಿದಾಗಲೆಲ್ಲ, ಇನ್ನೊಮ್ಮೆ ಶುದ್ಧವಾಗಿ ಎಂದಿದ್ದೆ. ಆ ನಿರ್ಮಾಪಕನಿಗೂ ನನಗೂ ಏನು ವ್ಯತ್ಯಾಸ?

ಕಣ್ಣೊರೆಸಿಕೊಳ್ಳುವಾಗ ಹೊಳೆಯಿತು. ಕೆಂಪು ಬಿದ್ದ ವಾಕ್ಯಗಳು ಎಲ್ಲಿ ಹೋದವು? ಇಂಜಿನಿಯರಿಗೆ ಫೋನ್ ಮಾಡಿದೆ.

“ರಿಜೆಕ್ಟ್ ಆಗಿದ್ದಾ? ಕೇಸ್ ಕ್ಲೋಸ್ ಮಾಡೋವರ್ಗೂ ಸರ್ವರಲ್ಲೇ ಇರತ್ತೆ ಮೇಡಂ. ಕ್ಲೋಸ್ ಮಾಡಿದ್ರಾ?”

ಮಾಡಿರಲಿಲ್ಲ. ಅದು ಜಾಣತನವಲ್ಲ, ಸೋಮಾರಿತನ. ಫಾರ್ಮು ತುಂಬುವುದು ಬಾಕಿಯಿತ್ತು.

ಇನ್ನೂರ ಹದಿನೆಂಟು ಕೆಂಪು ತುಣುಕುಗಳಿದ್ದವು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ದಿನ ಒಂದೊಂದನ್ನೇ ಕೇಳಿದೆ. ಕೆಲವು ಬರೀ ಕೆಮ್ಮು. ಕೆಲವು ನಟನೆ, ಆ ಕಳೆದುಹೋದ ಛತ್ರಿಯದು ಐದು ಬಗೆ. ಉಳಿದವುಗಳಲ್ಲಿ ಪದದ ಕೊನೆಯ ಸ್ವರ ಬಿಡಿಸಿಕೊಂಡು, ಗಂಟೆಯ ಸದ್ದು ಸೇರಿಕೊಂಡು, ಸುಸ್ತಾದ ಮುದುಕಿಯೊಬ್ಬಳು ತನ್ನ ಅಮ್ಮ ಮೀನು ಮಾರಿದ ಭಾಷೆಯಲ್ಲಿ ಅಂಗಡಿ ಆರಕ್ಕೆ ಮುಚ್ಚುತ್ತದೆ ಎನ್ನುತ್ತಿದ್ದಳು. “ಮನೆಯಲ್ಲಿ ಫೋನಿನಲ್ಲಿ ಹೀಗೇ ಮಾತಾಡುತ್ತಿದ್ದಳು,” ಎಂದಳು ಮಗಳು. “ಅದು ಬೇರೆ ಥರ ಅಂತ ನನಗೆ ಅನಿಸಿರಲೇ ಇಲ್ಲ. ಅದೇ ಫ್ರೆಂಚ್ ಅಂದುಕೊಂಡಿದ್ದೆ.” ಕೇಳಬಹುದಾದ ನೂರಾ ಮೂವತ್ತನ್ನು ಆರಿಸಿ ಬದಿಗಿಟ್ಟೆವು.

ಹಸಿರಿನವನ್ನೂ ಸೇರಿಸಬೇಕೇ ಎಂಬುದು ಪ್ರಶ್ನೆಯಾಯಿತು. ಸೇರಿಸಿದರೆ ದನಿ ನಯವಾಗುತ್ತದೆ, ಆದರೆ ಉಚ್ಚಾರ ಅತ್ತಿತ್ತ ಓಲಾಡುತ್ತದೆ. ಒಂದು ವಾಕ್ಯ ಬಂದರಿನಲ್ಲಿ, ಇನ್ನೊಂದು ಪ್ಯಾರಿಸ್ಸಿನಲ್ಲಿ. ಒಂದು ಸಲ ಹಾಗೆ ಮಾಡಿ ಕೇಳಿದೆವು. ಕೇಳಲು ಹಿತವಾಗಿತ್ತು, ಆದರೆ ಅದು ಯಾರೂ ಅಲ್ಲ. “ಎಲ್ಲ ಹಸಿರೂ ತೆಗೆದುಬಿಡಿ,” ಎಂದೆ.

“ಮೇಡಂ, ಯೋಚ್ನೆ ಮಾಡಿ. ಬರೀ ರೆಡ್ಡಿಂದ ಮಾಡಿದ್ರೆ ಸಿಸ್ಟಮ್ಮೇ ಪಾಸ್ ಮಾಡಲ್ಲ.”

“ಮಾಡದಿದ್ದರೆ ಬೇಡ. ನಾನು ಸಹಿ ಹಾಕ್ತೀನಿ.”

ಸಿಸ್ಟಮ್ಮು ಪಾಸ್ ಮಾಡಲಿಲ್ಲ. ದನಿ ಗರಗರ ಅನ್ನುತ್ತಿತ್ತು, ಉದ್ದ ವಾಕ್ಯದ ಮಧ್ಯೆ ಕಡಿದು ಬೀಳುತ್ತಿತ್ತು, ಕೆಲವು ಪದ ಎರಡು ಸಲ ಬರುತ್ತಿದ್ದವು. ಇಂಥದ್ದನ್ನು ರೋಗಿಗೆ ಕೊಡುವಂತಿಲ್ಲ ಎಂದು ನನ್ನ ಮೇಲಧಿಕಾರಿ ಹೇಳಿದರು. ಅವರ ಮಾತು ತಪ್ಪಲ್ಲ, ಗುಣಮಟ್ಟದ ನಿಯಮ ಇರುವುದೇ ರೋಗಿಗಾಗಿ. ಈ ಸಲ ನಾನು ಮೊದಲು ಮದಾಮ್ ಹತ್ತಿರ ಹೋಗಿ, ಕೇಳಿಸಿ, ಬೇಕೇ ಎಂದು ಕೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಹಲಗೆಯ ಮೇಲೆ ಬರೆದದ್ದು ಎರಡೇ ಪದ: “ಮುದುಕಿ. ನಾನು.” ಆ ಹಲಗೆಯ ಫೋಟೋವನ್ನು ಒಪ್ಪಿಗೆಯ ಫಾರ್ಮಿನ ಜೊತೆ ಲಗತ್ತಿಸಿ, ಹಿಂದಿನ ತಪ್ಪನ್ನೂ ಪೂರ್ತಿ ಬರೆದು ಕೊಟ್ಟೆ. ಮೇಲಧಿಕಾರಿ ಎರಡು ಸಲ ಓದಿ ಸಹಿ ಹಾಕಿದರು.

ಇಷ್ಟರಲ್ಲಿ ಇನ್ನೆರಡು ಭಾನುವಾರ ಕಳೆದಿದ್ದವು. ಆ ಎರಡು ವಾರ ಅವರು ಫೋನ್ ಮಾಡಲೇ ಇಲ್ಲ.

ಮೂರನೆಯ ಭಾನುವಾರ ಬೆಳಿಗ್ಗೆ ಸ್ಯಾನ್ ಹೊಸೆಯ ಮಗಳ ಮನೆಗೆ ಹೋದೆ. ಯಂತ್ರ ಕೈಕೊಟ್ಟರೆ ನಾನಿರಲಿ ಎಂದು ಅವರೇ ಕರೆದಿದ್ದರು. ಅಡಿಗೆಮನೆಯ ಮೇಜಿನ ಮೇಲೆ ಫೋನನ್ನು ಸ್ಪೀಕರಿಗೆ ಹಾಕಿದರು. ಉದ್ದ ವಾಕ್ಯ ಬೇಡ, ನಾಲ್ಕು ಪದಕ್ಕಿಂತ ಹೆಚ್ಚು ಬೇಡ ಎಂದು ಮದಾಮ್‌ಗೆ ಹೇಳಿದ್ದೆ. ಮಗಳು ನನ್ನ ಪಕ್ಕ ಕೂತು ಒಂದೊಂದೇ ಮಾತನ್ನು ಪಿಸುದನಿಯಲ್ಲಿ ನನಗೆ ಇಂಗ್ಲಿಷಿಗೆ ಹೇಳುತ್ತಿದ್ದಳು.

ಅಲ್ಲಿಯ ನರ್ಸ್ ಫೋನು ಕೊಟ್ಟ ಸದ್ದು. “ಅಲೋ,” ಎಂದಿತು ಒಂದು ಮುದಿ ದನಿ.

ಮದಾಮ್ ಒತ್ತಿದರು. “ಅಕ್ಕಾ, ನಾನು,” ಎಂದಿತು ಗರಗರ ದನಿ.

ಆ ಕಡೆ ಟಿವಿಯ ಸದ್ದು ದೂರದಲ್ಲಿ. ಇಟ್ಟೇ ಬಿಟ್ಟರು ಎಂದು ನಾನು ಫೋನಿನ ಪರದೆ ನೋಡಿದೆ. ಇಟ್ಟಿರಲಿಲ್ಲ.

“ಏನಾಗಿದೆ ನಿನ್ನ ಗಂಟಲಿಗೆ?” ಎಂದರು ಅಕ್ಕ.

ಮದಾಮ್ ಟೈಪ್ ಮಾಡಿದರು. “ಕಾಯಿಲೆ. ಆಪರೇಷನ್ ಆಯ್ತು.”

“ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ?” ಅಕ್ಕನ ದನಿ ಏರಿತು. ಎಲ್ಲವನ್ನೂ ಮರೆಯುವ ಅವರಿಗೆ ಆ ಭಾನುವಾರಗಳು ಮಾತ್ರ ಮರೆತಿರಲಿಲ್ಲ. ಮಗಳು ಒಂದೊಂದೇ ಸಾಲು ಹೇಳುತ್ತ ಹೋದಳು. “ಆ ಸಿನಿಮಾದವಳು ಫೋನ್ ಮಾಡಿದ್ದಳು. ಮತ್ತೆ ಮತ್ತೆ ಮಾಡಿದಳು. ನಿನ್ನ ಹೆಸರು ಹೇಳಿದಳು. ನೀನು ಸತ್ತಿದ್ದೀಯ, ನನ್ನಿಂದ ಮುಚ್ಚಿಡುವುದಕ್ಕೆ ಅವಳ ಕೈಲಿ ಮಾತಾಡಿಸುತ್ತಿದ್ದಾರೆ ಅಂದುಕೊಂಡೆ.” ಇಲ್ಲಿಗೆ ಬಂದು ಮಗಳು ತಡವರಿಸಿದಳು. ನಾನು ಅವಳ ತೋಳು ಹಿಡಿದೆ. “ನಾನು ಅತ್ತೆ. ನಿನ್ನ ಹೆಸರಿನಲ್ಲಿ ಪ್ರಾರ್ಥನೆ ಮಾಡಿಸಿದೆ. ಎಲ್ಲ ಮುಗಿಸಿದೆ.”

ಮದಾಮ್ ಟ್ಯಾಬ್ಲೆಟ್ಟಿನ ಮೇಲೆ ಬಗ್ಗಿದ್ದರು. ಭುಜ ಅಲುಗುತ್ತಿತ್ತು, ಮುಖವೆಲ್ಲ ಒದ್ದೆಯಾಗಿತ್ತು. ಧ್ವನಿಪೆಟ್ಟಿಗೆ ಇಲ್ಲದವರ ಅಳುವಿಗೆ ಸದ್ದಿರುವುದಿಲ್ಲ. ಕುತ್ತಿಗೆಯ ರಂಧ್ರದಿಂದ ಗಾಳಿ ಹೋಗಿ ಬರುತ್ತದೆ, ಅಷ್ಟೇ. ಇಷ್ಟು ವರ್ಷದ ಕೆಲಸದಲ್ಲಿ ನಾನು ಅದನ್ನು ಎಷ್ಟೋ ಸಲ ಕಂಡಿದ್ದೇನೆ. ಮಾತಿಗೆ ದನಿ ಕಟ್ಟುವುದು ಹೇಳಿಕೊಟ್ಟಿದ್ದಾರೆ, ಅಳುವಿಗೆ ಕಟ್ಟುವುದು ಯಾರಿಗೂ ಗೊತ್ತಿಲ್ಲ. ಕಣ್ಣೀರಿನಲ್ಲಿ ಮದಾಮ್‌ಗೆ ಅಕ್ಷರಗಳೇ ಕಾಣುತ್ತಿರಲಿಲ್ಲ.

“ಇದ್ದೀಯಾ?” ಎಂದರು ಅಕ್ಕ. ಸ್ವಲ್ಪ ತಡೆದು, ಹೆದರಿದ ದನಿಯಲ್ಲಿ, “ಹೋದೆಯಾ?”

ಮಗಳು ಫೋನಿನ ಕಡೆಗೆ ಬಾಗಿ ಫ್ರೆಂಚಿನಲ್ಲಿ ಹೇಳಿದಳು: “ಇಲ್ಲೇ ಇದ್ದಾಳೆ ದೊಡ್ಡಮ್ಮ. ಅಳ್ತಾ ಇದ್ದಾಳೆ.”

“ಅಳಲಿ ಬಿಡು,” ಎಂದರು ಅಕ್ಕ. “ನಾನು ಫೋನು ಇಡೋದಿಲ್ಲ.”